ಹೂಂಗುಟ್ಟುವವರಿಲ್ಲದ ಬೀಟು: ಬಳ್ಳಾರಿಯ ಒಂದು ಪ್ರಕರಣ

ಕಳೆದ ಏಪ್ರಿಲ್‌ನಲ್ಲಿ ಒಂದು ರಾತ್ರಿ ನನ್ನ ಅಕ್ಕನ ಮಗ ಮನೆಗೆ ಬಂದವನೇ ಇಯರ್‌ಫೋನ್ ತೆಗೆದು ನನ್ನ ಕಿವಿಗೆ ಸಿಕ್ಕಿಸಿದ. "ಮಾಮ, ಇದು ಕೇಳು. ಪಕ್ಕಾ ಬಳ್ಳಾರಿ" ಅಂದ. ಕೇಳಿದೆ. ಅವನೇ ಕಂಪ್ಯೂಟರಿನಲ್ಲಿ ಕಟ್ಟಿದ ಬೀಟು, ಅಂದರೆ ರ‍್ಯಾಪ್ ಹಾಡಿನ ಕೆಳಗೆ ಓಡುವ ಸಂಗೀತ. ಕೆಳಗೆ ದಪ್ಪ ಬಾಸ್, ಮೇಲೆ ಯಾರೋ ಅಜ್ಜಿ ಹಾಡಿದ ಎರಡು ಸಾಲು, ಮಧ್ಯೆ ಚಪ್ಪಾಳೆ. ಚೆನ್ನಾಗೇ ಇತ್ತು. ಆದರೆ ಬಳ್ಳಾರಿ ಎಲ್ಲಿದೆ ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ರಾಜಸ್ಥಾನದ್ದು ಅಂದಿದ್ದರೂ ನಂಬುತ್ತಿದ್ದೆ.

ಅವನು ಅದನ್ನು ಆಗಲೇ ನೆಟ್‌ಗೆ ಹಾಕಿಬಿಟ್ಟಿದ್ದ. ಮೂರನೇ ದಿನ ಅವನ ಮೊಬೈಲಿಗೆ ಸಂಡೂರು ಕಡೆಯ ಹಳ್ಳಿಯಿಂದ ಫೋನ್ ಬಂತು. "ಅದು ನಮ್ಮಜ್ಜಿ ದನಿ. ನಿಮ್ಮದು ಯಾವಾಗ ಆತು?" ಅಷ್ಟೇ ಕೇಳಿ ಆ ಹುಡುಗ ಸುಮ್ಮನಾದನಂತೆ. ಬೈದಿದ್ದರೆ ವಾಸಿ ಇತ್ತು, ಇವನೂ ತಿರುಗಿ ಬೈಯುತ್ತಿದ್ದ. ಆ ಸುಮ್ಮನಾಗಿದ್ದಕ್ಕೆ ಇವನು ಹೆದರಿ ನನ್ನ ಹತ್ತಿರ ಓಡಿ ಬಂದ.

ನಾನು ನಾಟಕ, ಮದುವೆ, ಆರ್ಕೆಸ್ಟ್ರಾಗಳಿಗೆ ಸೌಂಡ್ ಹಾಕುವವನು. ಬೀಟ್ ಮಾಡುವುದು ನನ್ನ ಕಸುಬಲ್ಲ. ಆದರೆ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಈ ಒಂದೇ ಬೀಟಿನ ಹಿಂದೆ ಅವನ ಜೊತೆ ನಾನೂ ಅಲೆದೆ. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಯಾಯಿತು ಅಂತ ಬರೆದಿಟ್ಟರೆ ಇದೇ ಹುಚ್ಚಿರುವ ಬೇರೆ ಹುಡುಗರಿಗೂ ಉಪಯೋಗ ಆದೀತು.

ಹುಡುಗ, ಅವನ ಲ್ಯಾಪ್‌ಟಾಪು, ಅವನ ಊರು

ಅವನಿಗೆ 23 ವರ್ಷ. ಹಗಲು ಜೀನ್ಸ್ ವಾಷಿಂಗ್ ಯೂನಿಟ್‌ನಲ್ಲಿ ಕೆಲಸ. ರಾತ್ರಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನಲ್ಲಿ ಎಫ್‌ಎಲ್ ಸ್ಟುಡಿಯೋ ಅನ್ನುವ ಸಂಗೀತ ಕಟ್ಟುವ ಸಾಫ್ಟ್‌ವೇರ್. ಜೊತೆಗೆ 25 ಮಣೆಯ ಒಂದು ಸಣ್ಣ ಕೀಬೋರ್ಡು. ಅವನ ದೇವರು ಅಮೆರಿಕದ ಡೆಟ್ರಾಯಿಟ್‌ನ ಬೀಟ್ ಕಟ್ಟುಗ ಜೆ ಡಿಲ್ಲಾ. ಡೆಟ್ರಾಯಿಟ್ ಅಂದರೆ 1959ರಲ್ಲಿ ಮೋಟೌನ್ ಅನ್ನುವ ರೆಕಾರ್ಡ್ ಕಂಪನಿ ಹುಟ್ಟಿದ ಊರು. ಆ ಊರಲ್ಲಿ ಬೆಳೆದ ಡಿಲ್ಲಾ ಹಳೇ ರೆಕಾರ್ಡುಗಳ ಚೂರು ತೆಗೆದು, ಅಕಾಯಿ ಎಂಪಿಸಿ 3000 ಅನ್ನುವ ಪೆಟ್ಟಿಗೆಯಲ್ಲಿ ಬೆರಳಿಂದ ಬಡಿದು ಹೊಸ ಹಾಡು ಕಟ್ಟಿದರು. 2006ರಲ್ಲಿ, 32ನೇ ವಯಸ್ಸಿಗೇ ತೀರಿಕೊಂಡರು. ಅವರ ಆ ಪೆಟ್ಟಿಗೆ ಈಗ ವಾಷಿಂಗ್ಟನ್ನಿನ ಮ್ಯೂಸಿಯಂ ಒಂದರಲ್ಲಿದೆ. "ಅವರ ಊರಿಗೆ ಮೋಟೌನ್ ಇತ್ತು ಮಾಮ, ನಮ್ಮೂರಿಗೆ ಏನೈತೆ?" ಅಂತ ಇವನು ಮೊದಲೆಲ್ಲ ಕೇಳುತ್ತಿದ್ದ.

ಬಳ್ಳಾರಿಯಲ್ಲಿ ನಿಂತು ಹಾಗೆ ಕೇಳಿದರೆ ನನಗೆ ರೇಗುತ್ತದೆ. 1953ರ ಅಕ್ಟೋಬರ್ 1ರವರೆಗೆ ನಾವು ಮದ್ರಾಸಿನವರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ನಾಟಕದಲ್ಲಿ ಎರಡೂ. ಧರ್ಮವರಂ ರಾಮಕೃಷ್ಣಾಚಾರ್ಯರು ಇದೇ ಊರಲ್ಲಿ ವಕೀಲಿ ಮಾಡಿಕೊಂಡು ಸರಸ ವಿನೋದಿನಿ ಸಭಾ ಕಟ್ಟಿದರು. ತೆಲುಗು ನಾಟಕಕ್ಕೆ ಹಾಡು ತಂದವರು ಅಂತ ಅವರಿಗೆ ಹೆಸರು. ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಪೈಪೋಟಿಗೆ ನಿಂತಿತ್ತು. ನಟ ಬಳ್ಳಾರಿ ರಾಘವ ಬೆಳೆದದ್ದು ಈ ಗಾಳಿಯಲ್ಲೇ. ಆಮೇಲೆ ಕಂಪನಿ ನಾಟಕಗಳು, ಸುಭದ್ರಮ್ಮ ಮನ್ಸೂರರ ರಂಗಗೀತೆಗಳು. ಇನ್ನು ಊರು ದಾಟಿ ಸಂಡೂರು ಕಡೆ ಹೋದರೆ ಬುರ್ರಕಥೆ, ತಂಬೂರಿ ಹಿಡಿದು ಕಥೆ ಹಾಡುವ ಕಲೆ. ದರೋಜಿ ಈರಮ್ಮನವರು ಅಲ್ಲಿಯವರೇ. ಅಕ್ಷರ ಕಲಿಯದೆ ರಾತ್ರಿಗಟ್ಟಲೆ ಕಾವ್ಯವನ್ನು ಬಾಯಲ್ಲೇ ಇಟ್ಟುಕೊಂಡಿದ್ದ ಹೆಂಗಸು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟಿತು. 2014ರಲ್ಲಿ ತೀರಿಕೊಂಡರು.

ಇದನ್ನೆಲ್ಲ ಹೇಳಿದ ಮೇಲೇ ಅವನು ಬುರ್ರಕಥೆ ಹುಡುಕಲು ಹೋಗಿದ್ದು. ಅಂದರೆ ತಪ್ಪಿನಲ್ಲಿ ನನ್ನದೂ ಪಾಲಿದೆ.

ಮೊದಲ ಬೀಟು ಕೆಟ್ಟದ್ದು ಹೇಗೆ

ಜಾತ್ರೆಯೊಂದರಲ್ಲಿ ಯಾರೋ ಮೊಬೈಲಲ್ಲಿ ತೆಗೆದು ನೆಟ್‌ಗೆ ಹಾಕಿದ್ದ ವಿಡಿಯೋದಿಂದ ಅವನು 8 ಸೆಕೆಂಡು ಕತ್ತರಿಸಿದ್ದ. ಅದರ ಓಟ ನಿಮಿಷಕ್ಕೆ ಸುಮಾರು 104 ಪೆಟ್ಟು. ಇವನ ಬೀಟು 90. ಹಾಡನ್ನು ಎಳೆದು 90ಕ್ಕೆ ಕೂರಿಸಿದ. ಮೊದಲೇ ಸವೆದಿದ್ದ ದನಿ ಇನ್ನೂ ಸವೆದು, ನೀರೊಳಗಿಂದ ಮಾತಾಡಿದಂತೆ ಆಯಿತು. ಮೇಲಿಂದ ಎಲ್ಲ ಚೂರನ್ನೂ ಕ್ವಾಂಟೈಸ್ ಮಾಡಿದ. ಅಂದರೆ ಕಂಪ್ಯೂಟರ್ ಗೆರೆ ಎಳೆದು ಕೊಟ್ಟ ಮನೆಗಳಲ್ಲೇ ಪ್ರತಿ ಪೆಟ್ಟೂ ಕೂರಬೇಕು. ಗೆರೆಯಿಂದ ಆಚೀಚೆ ಬೀಳುವ ಪೆಟ್ಟಿಗೇ ಡಿಲ್ಲಾ ಹೆಸರಾದವರು, ಅವರ ಹೆಸರು ಜಪಿಸುವವನು ಗೆರೆಯೊಳಗೇ ಕೂತುಬಿಟ್ಟಿದ್ದ.

ಫೋನ್ ಬಂದ ದಿನ ಅದನ್ನು ತೆಗೆಸಿದೆ. "8 ಸೆಕೆಂಡಿನೊಳಗೆ ಇದ್ದರೆ ನಡೀತೈತೆ ಅಂತಾರಲ್ಲ ಮಾಮ" ಅಂದ. ಬೀಟ್ ಮಾಡುವ ಹುಡುಗರೆಲ್ಲ ಹೇಳುವ ಮಾತು ಇದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹೀಗೆ ಸೆಕೆಂಡಿನ ಲೆಕ್ಕ ಎಲ್ಲೂ ಇಲ್ಲ. ಧ್ವನಿಮುದ್ರಣ ಪ್ರಕಟವಾದ ಮರುವರ್ಷದಿಂದ 60 ವರ್ಷ ಅದಕ್ಕೆ ಹಕ್ಕುದಾರರು ಇರುತ್ತಾರೆ. ಹಾಡಿದವರಿಗೆ ಬೇರೆಯೇ ಹಕ್ಕಿದೆ, ಅದು 50 ವರ್ಷ. 2012ರ ತಿದ್ದುಪಡಿಯ ಮೇಲೆ, ತನ್ನ ಹೆಸರು ಹಾಕಿ ಅಂತ ಕೇಳುವ ಹಕ್ಕು, ತನ್ನ ಹಾಡನ್ನು ತಿರುಚಿ ಮರ್ಯಾದೆ ಕೆಡಿಸಬೇಡಿ ಅನ್ನುವ ಹಕ್ಕೂ ಹಾಡಿದವರದ್ದೇ. ಕಥೆ ಜನಪದದ್ದು, ಯಾರದ್ದೂ ಅಲ್ಲ ಅನ್ನಬಹುದು. ಆದರೆ ಆ ಗಂಟಲು ಒಬ್ಬರದ್ದು ಅಲ್ವಾ?

ಇವನೇ ಆ ಅಜ್ಜಿಯ ಮೊಮ್ಮಗನಿಗೆ ಫೋನ್ ಮಾಡಿ ತಪ್ಪಾಯಿತು ಅಂದ. ಬಂದು ಕೇಳಬಹುದಾ ಅಂದ. "ವಿಡಿಯೋ ಹಾಕಿದೋರೂ ಕೇಳಿರಲಿಲ್ಲ. ನೀವಾದರೂ ಕೇಳಿದ್ರಲ್ಲ, ಬರ್ರಿ" ಅಂತ ಉತ್ತರ ಬಂತು.

ಮೇ ತಿಂಗಳು, ಫ್ಯಾನು

ಮೊದಲ ಸಲ ಹೋದಾಗ ಬೆಳಿಗ್ಗೆ 11 ಗಂಟೆ. ಬಳ್ಳಾರಿ ಸೀಮೆಯ ಮೇ ತಿಂಗಳು ಗೊತ್ತಲ್ಲ, ಫ್ಯಾನ್ ಆಫ್ ಮಾಡಿ ಅನ್ನಲು ಬಾಯಿ ಬರಲಿಲ್ಲ. ಮನೆಗೆ ಬಂದು ಕೇಳಿದರೆ ಪ್ರತಿ ಸಾಲಿನ ಹಿಂದೆಯೂ ಗುಂಯ್ ಅಂತ ಫ್ಯಾನು. ಅಜ್ಜಿಯ ದನಿಯ ಶ್ರುತಿಯನ್ನು ಎರಡು ಮಣೆ ಕೆಳಗಿಳಿಸಿದರೆ ಫ್ಯಾನೂ ಜೊತೆಗೇ ಇಳಿಯಿತು. ಆ ಇಡೀ ದಿನದ ರೆಕಾರ್ಡಿಂಗ್ ದಂಡ.

ಎರಡನೇ ಸಲ ನಸುಕಿನಲ್ಲೇ ಹೋದೆವು. ಹಳ್ಳಿಯ ಗುಡಿಯ ಕಟ್ಟೆ, ಫ್ಯಾನಿಲ್ಲ, ಗೋಡೆ ಒಂದೇ ಕಡೆ. ಮೂರು ಜನ: ಅಜ್ಜಿ, ಅವರ ತಂಗಿ, ತಂಗಿಯ ಸೊಸೆ. ಮನೆಯಲ್ಲಿ ತೆಲುಗು ಆಡುತ್ತಾರೆ, ಕಥೆ ಕನ್ನಡದಲ್ಲಿ ಹೇಳುತ್ತಾರೆ. ಅಜ್ಜಿಯ ಹೆಗಲಿಗೆ ತಂಬೂರಿ. ಬುರ್ರ ಅಂದರೆ ತೆಲುಗಿನಲ್ಲಿ ತಲೆಬುರುಡೆ. ಆ ತಂಬೂರಿಯ ಬುರುಡೆಯಿಂದಲೇ ಕಥೆಗೆ ಆ ಹೆಸರು. ಬಲಗೈ ಹೆಬ್ಬೆರಳಿಗೆ ಗುಂಡು ತುಂಬಿದ ಟೊಳ್ಳು ಉಂಗುರ, ಅದೇ ತಾಳ. ಉಳಿದಿಬ್ಬರ ಕೈಯಲ್ಲಿ ಡಕ್ಕಿ, ಎರಡು ಮುಖದ ಸಣ್ಣ ವಾದ್ಯ. ಮುಂದಿನವರು ಕಥೆ ಹೇಳುತ್ತಾರೆ. ಹಿಂದಿನವರು "ತಂದಾನ ತಾನ" ಅಂತ ಎತ್ತಿಕೊಳ್ಳುತ್ತಾರೆ. ಅದಕ್ಕೇ ತೆಲುಗು ನಾಡಿನಲ್ಲಿ ಇದಕ್ಕೆ ತಂದಾನ ಕಥೆ ಅಂತಲೂ ಹೆಸರಿದೆ.

ದುಡ್ಡಿನ ಮಾತು ಮೊದಲೇ ಮುಗಿಸಿದ್ದೆವು. ಒಂದು ಕಾರ್ಯಕ್ರಮಕ್ಕೆ ಅವರು ಕೇಳುವಷ್ಟೇ, ಒಬ್ಬೊಬ್ಬರಿಗೆ 3,000 ರೂ. ಬೀಟಿನಿಂದ ಏನಾದರೂ ಬಂದರೆ ಅರ್ಧ ಅವರಿಗೆ. ಒಂದು ಹಾಳೆ ಕನ್ನಡದಲ್ಲಿ ಬರೆದು, ಮೊಮ್ಮಗನಿಂದ ಗಟ್ಟಿಯಾಗಿ ಓದಿಸಿ, ಹೆಬ್ಬೆಟ್ಟು, ಸಹಿ. ಹಾಳೆಯಲ್ಲಿ ಅಜ್ಜಿ ಒಂದು ಸಾಲು ಸೇರಿಸಿದರು: ಕುಡಿತದ ಹಾಡಿಗೆ ನನ್ನ ದನಿ ಹಾಕಬಾರದು. ಸೇರಿಸಿದೆವು.

ನಮ್ಮ ಹುಡುಗ ತಯಾರಾಗಿ ಬಂದಿದ್ದ. ಒಬ್ಬೊಬ್ಬರದ್ದೂ ಬೇರೆ ಬೇರೆ ಬೇಕು, ಆಗ ಚೂರು ಸ್ವಚ್ಛ ಸಿಗುತ್ತದೆ ಅನ್ನೋದು ಅವನ ಲೆಕ್ಕ. ಸ್ಟುಡಿಯೋ ಲೆಕ್ಕದಲ್ಲಿ ಅದು ಸರಿಯೇ. ಅಜ್ಜಿಯನ್ನು ಒಬ್ಬರನ್ನೇ ಕೂರಿಸಿದ. ಅವರು ಒಂದು ಸಾಲು ಹಾಡಿ ನಿಂತರು. ಕಾದರು. ಇನ್ನೊಂದು ಸಾಲು ಹಾಡಿ ಮತ್ತೆ ನಿಂತರು. ತಂಗಿಯ ಕಡೆ ನೋಡಿದರು, ತಂಗಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಕೊನೆಗೆ ಅಜ್ಜಿ ತಂಬೂರಿ ಕೆಳಗಿಟ್ಟರು.

"ಹೂಂ ಅನ್ನೋರಿಲ್ದ ಕಥಿ ಹೆಂಗ ಹೇಳ್ಲಿ ಮಗಾ?"

ಅವನಿಗೆ ಆಗ ಅದು ಅರ್ಥ ಆಗಲಿಲ್ಲ. ನನಗೂ ಅರ್ಧವೇ ಆಗಿದ್ದು. ಬಿಸಿಲು ಏರುವ ಮುಂಚೆ ಮುಗಿಸಬೇಕಲ್ಲ ಅಂತ ಮೂವರನ್ನೂ ಒಟ್ಟಿಗೆ ಕೂರಿಸಿ 9 ನಿಮಿಷ ರೆಕಾರ್ಡ್ ಮಾಡಿಕೊಂಡು ಬಂದೆವು.

ಪರದೆಯ ಮೇಲೆ ಕಂಡದ್ದು

ಮನೆಯಲ್ಲಿ ಎರಡೂ ರೆಕಾರ್ಡಿಂಗನ್ನು ಒಂದರ ಕೆಳಗೆ ಒಂದು ಇಟ್ಟೆವು. ಒಬ್ಬರೇ ಹಾಡಿದ್ದರಲ್ಲಿ ಸಾಲಿನ ಕೊನೆಯ "ಆ" ಪಟ್ಟನೆ ಮುಗಿಯುತ್ತದೆ, ಬಾಗಿಲು ಹಾಕಿದ ಹಾಗೆ. ಮೂವರೂ ಕೂತಾಗ ಅದೇ "ಆ" ಮುಗಿಯುವುದೇ ಇಲ್ಲ. ತಂಗಿಯ "ತಂ" ಬಂದು ಕೈ ಹಿಡಿಯುವವರೆಗೆ ಅಜ್ಜಿ ಅದನ್ನು ಎಳೆದು ಹಿಡಿದಿರುತ್ತಾರೆ. ಎರಡು ದನಿ ಒಂದರ ಮೇಲೊಂದು ಬೀಳುವ ಆ ಜಾಗವನ್ನು ಅಳೆದೆವು. ಸುಮಾರು 240 ಮಿಲಿಸೆಕೆಂಡು. ಅಲ್ಲಿ ಓಟ 96, ಅಂದರೆ ಒಂದು ಪೆಟ್ಟಿಗೆ 625 ಮಿಲಿಸೆಕೆಂಡು. ಅರ್ಧ ಪೆಟ್ಟಿಗಿಂತ ಕಡಿಮೆ. ಕಣ್ಣು ಮಿಟುಕಿಸುವಷ್ಟು ಹೊತ್ತು.

ಮೊದಲ ಬೀಟಿನಲ್ಲಿ ಇದು ಪೂರ್ತಿ ಮಾಯ. ಯಾಕೆ ಅಂತ ಒಂದು ವಾರ ತಲೆ ಕೆರೆದುಕೊಂಡೆವು. ಚೂರು ಉದ್ದವಾಗಿಯೇ ಕತ್ತರಿಸಿದ್ದಾನೆ, ಆದರೂ ನುಡಿಸಿದಾಗ "ಆ" ಸಾಯುತ್ತದೆ. ಕೊನೆಗೆ ಸಿಕ್ಕಿದ್ದು ಒಂದು ಪುಟ್ಟ ಸೆಟ್ಟಿಂಗ್. ಕತ್ತರಿಸಿದ ಚೂರು ನುಡಿಸುವ ಸ್ಯಾಂಪ್ಲರ್‌ಗಳಲ್ಲಿ ಚೋಕ್ ಅಂತ ಒಂದು ಗುಂಪು ಇರುತ್ತದೆ. ಒಂದೇ ಗುಂಪಿಗೆ ಹಾಕಿದ ಚೂರುಗಳಲ್ಲಿ ಎರಡನೆಯದು ಶುರುವಾದ ಕ್ಷಣ ಮೊದಲನೆಯದರ ಕುತ್ತಿಗೆ ಹಿಸುಕುತ್ತದೆ. ಡ್ರಮ್ಮಿನ ಹೈಹ್ಯಾಟಿಗೆ, ಅಂದರೆ ಒಂದರ ಮೇಲೊಂದು ಕೂತ ಜೋಡಿ ತಟ್ಟೆಗೆ, ಅದು ಬೇಕು, ತೆರೆದ ಹ್ಯಾಟಿನ ಸದ್ದನ್ನು ಮುಚ್ಚಿದ ಹ್ಯಾಟು ನಿಲ್ಲಿಸಬೇಕು. ಇವನು ರೂಢಿಯಲ್ಲಿ ದನಿಗಳನ್ನೂ ಅದೇ ಗುಂಪಿಗೆ ಹಾಕಿದ್ದ. ತಂಗಿ ಬಾಯಿ ತೆರೆದ ಕೂಡಲೇ ಅಕ್ಕ ಬಾಯಿ ಮುಚ್ಚಬೇಕು, ಹಾಗಾಗಿತ್ತು ಲೆಕ್ಕ.

ಒಂದು ಕ್ಲಿಕ್. ಅಜ್ಜಿ ಒಂದು ಗುಂಪು, ಹಿಮ್ಮೇಳ ಇನ್ನೊಂದು. ನುಡಿಸಿದ. ಇಬ್ಬರೂ ಒಂದು ಕ್ಷಣ ಸುಮ್ಮನೆ ಕೂತೆವು. ಆ 240 ಮಿಲಿಸೆಕೆಂಡಿನಲ್ಲಿ ಗುಡಿ ಕಟ್ಟೆ ವಾಪಸ್ ಬಂದಿತ್ತು.

ಕಥೆ ಕೇಳುವಾಗ ನಡುನಡುವೆ ಹೂಂ ಅನ್ನುವ ಈ ಕೆಲಸಕ್ಕೆ ಕನ್ನಡದಲ್ಲಿ ಹೂಂಗುಟ್ಟುವುದು ಅಂತ ಒಂದು ಪದವೇ ಇದೆ. ಮೊದಲ ಬೀಟು ಮಾಡುವಾಗ ಅವನು ಹುಡುಕಿದ್ದು ಬಳ್ಳಾರಿಯ ಸದ್ದನ್ನು. ಡಕ್ಕಿಯ ಸದ್ದು ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ಡಕ್ಕಿ ಯಾರ ಮಾತಿಗೆ ಹೂಂ ಅನ್ನುತ್ತಿದೆ ಅನ್ನುವುದು ಸಿಗುವುದಿಲ್ಲ.

ತಾಳದ ನಡೆಯದ್ದೂ ಒಂದು ತಕರಾರಿತ್ತು. ಡಕ್ಕಿ ನಡೆಯುತ್ತಿದ್ದದ್ದು ತಿಶ್ರದಲ್ಲಿ, ಪ್ರತಿ ಪೆಟ್ಟಿಗೂ ತಕಿಟ ಅಂತ ಮೂರು. ಇವನ ಗೆರೆಗಳು ಪ್ರತಿ ಪೆಟ್ಟಿಗೂ ನಾಲ್ಕು. 208 ಮಿಲಿಸೆಕೆಂಡಿಗೆ ಬರಬೇಕಾದ್ದನ್ನು ಎಳೆದು 156ಕ್ಕೋ 312ಕ್ಕೋ ಕೂರಿಸುತ್ತಿತ್ತು ಕಂಪ್ಯೂಟರು. ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತುಸು ತಡ ಮಾಡುವ ಸ್ವಿಂಗ್ ಅನ್ನುವ ಸೆಟ್ಟಿಂಗ್ ಏರಿಸಿದರೆ ನಾಲ್ಕರ ನಡೆ ಮೂರರ ಹತ್ತಿರ ಬರುತ್ತದೆ. ಡ್ರಮ್ಮಿಗೆ ಹಾಗೆ ಮಾಡಿದ. ದನಿಗಳನ್ನು ಗೆರೆಯಿಂದಲೇ ಬಿಡಿಸಿ ಕೈಯಲ್ಲಿ ಬಡಿದ. ಆ 9 ನಿಮಿಷದ ಕಥೆ 96ರಲ್ಲಿ ಶುರುವಾಗಿ ಮುಗಿಯುವಾಗ 112 ಆಗಿತ್ತು, ಯುದ್ಧ ಬಂದಾಗ ಯಾರು ನಿಧಾನ ಹೇಳುತ್ತಾರೆ? ಬೀಟಿನಲ್ಲೂ ಓಟವನ್ನು 96ರಿಂದ 100ಕ್ಕೆ ಮೆಲ್ಲಗೆ ಏರಿಸಿದ. ಅವನ ರ‍್ಯಾಪರ್ ಗೆಳೆಯ, "ಲೇ, ನಿನ್ನ ಬೀಟು ನನ್ನ ಬಿಟ್ಟು ಓಡ್ತೈತೆ" ಅಂತ ಇವತ್ತಿಗೂ ಬೈಯುತ್ತಾನೆ.

ಪೇಟಿ ಮಾಸ್ತರರು, ಟೈಲರ್ ಅಣ್ಣ

ಸ್ವರಕ್ಕೆ ಹಾರ್ಮೋನಿಯಂ ಬೇಕಿತ್ತು. ಕೌಲ್ ಬಜಾರಿನಲ್ಲಿ ನನಗೆ ಪರಿಚಯದ ಒಬ್ಬ ಪೇಟಿ ಮಾಸ್ತರರಿದ್ದಾರೆ, ಕಂಪನಿ ನಾಟಕಗಳಲ್ಲಿ ಕಾಲಿಂದ ತಿದಿ ಒತ್ತುವ ಹಾರ್ಮೋನಿಯಂ ನುಡಿಸಿದವರು. ಅವರ ಕಾಲದಲ್ಲಿ ಕಡೇ ಸಾಲಿನವನಿಗೂ ಕೇಳಬೇಕು ಅಂತ ಏರು ಶ್ರುತಿಯಲ್ಲೇ ಹಾಡುತ್ತಿದ್ದರಂತೆ. "ಅಜ್ಜಿ ಶ್ರುತಿ ಯಾವುದು?" ಅಂತ ಮೊದಲು ಕೇಳಿದ್ದೇ ಅದು. ಮೊಬೈಲಲ್ಲಿ ಹಾಕಿದೆವು. ಬಿಳಿ 5ನೇ ಮಣೆ ಒತ್ತಿದರು, ಸ್ವಲ್ಪ ಕೆಳಗಾಯಿತು. ಅದರ ಪಕ್ಕದ ಕರಿ 4 ಒತ್ತಿದರು, ಮೇಲಾಯಿತು. "ಮಣೆ ನಡುವೆ ಹಾಡ್ತಾಳ ನಿಮ್ಮಜ್ಜಿ" ಅಂತ ನಕ್ಕರು.

ಇಲ್ಲಿ ಹುಡುಗರು ಸಾಮಾನ್ಯವಾಗಿ ದನಿಯನ್ನು ಎಳೆದು ಮಣೆಗೆ ಕೂರಿಸುತ್ತಾರೆ. ನಾವು ಪೇಟಿಯನ್ನೇ ಸರಿಸಿದೆವು. ಬಿಳಿ 5ರಲ್ಲಿ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ 40 ಸೆಂಟ್ ಮೇಲಕ್ಕೆತ್ತಿದೆವು. ಒಂದು ಮಣೆಯಿಂದ ಪಕ್ಕದ ಮಣೆಗೆ 100 ಸೆಂಟ್ ಅಂತ ಲೆಕ್ಕ. ಪೇಟಿಗೆ ಏನೂ ನೋವಾಗಲಿಲ್ಲ.

ಲೂಪ್ ಅಂದರೆ ಒಂದೇ ಚೂರು ಮತ್ತೆ ಮತ್ತೆ ತಿರುಗುವುದು ಅಂತ ಮಾಸ್ತರರಿಗೆ ತೋರಿಸಿದಾಗ ಮುಖ ಸಿಂಡರಿಸಿದರು. ಅವರು ಸ್ಟೇಜಿನ ಕೆಳಗೆ ಕೂತು ನಟನ ತುಟಿ ನೋಡಿಕೊಂಡು ನುಡಿಸಿದವರು, ಅವನು ಒಂದು ಉಸಿರು ತಡ ಮಾಡಿದರೆ ಇವರೂ ತಡ. "ಇದು ಯಾರ ತುಟಿ ನೋಡ್ತದ?" ಅಂದರು. ಅದಕ್ಕೇ ಬೀಟಿನ ಕೊನೆಯ ಎಂಟು ಆವರ್ತಕ್ಕೆ ಲೂಪ್ ತೆಗೆದು, ಅಜ್ಜಿಯ ದನಿಯನ್ನು ಅವರ ಕಿವಿಗೆ ಹಾಕಿ, ನೇರವಾಗಿ ನುಡಿಸಿಕೊಂಡೆವು. ಬೀಟಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಅದು.

ಹೈಹ್ಯಾಟಿಗೆ ಜೀನ್ಸ್ ಹೊಲಿಯುವ ಮಿಷಿನ್ ಹಾಕೋಣ ಅನ್ನುವುದು ಹುಡುಗನ ಐಡಿಯಾ. ಬಳ್ಳಾರಿ ಅಂದರೆ ಜೀನ್ಸ್ ಅಲ್ವಾ, ಎಂಥ ಚಂದ ಅಂತ ನಾನೂ ಕುಣಿದೆ. ಯೂನಿಟ್‌ಗೆ ಹೋಗಿ ರೆಕಾರ್ಡ್ ಮಾಡಿದರೆ ತಾಳವೇ ಇಲ್ಲ, ಬರೀ ಗುಂಯ್. ಆಮೇಲೆ ಲೆಕ್ಕ ಹಾಕಿದೆವು. ಪವರ್ ಮಿಷಿನ್ ನಿಮಿಷಕ್ಕೆ 3,000 ಹೊಲಿಗೆ ಹಾಕಿದರೆ ಸೆಕೆಂಡಿಗೆ 50. ನಮ್ಮ ಮನೆ ಕರೆಂಟು ಕೂಡ 50 ಹರ್ಟ್ಜ್, ಸೆಕೆಂಡಿಗೆ 50 ಸಲ. ಅಂದರೆ ಕಷ್ಟಪಟ್ಟು ಹೋಗಿ ಇನ್ನೊಂದು ಫ್ಯಾನ್ ರೆಕಾರ್ಡ್ ಮಾಡಿಕೊಂಡು ಬಂದಿದ್ದೆವು! ಪೆಡಲ್ ಒತ್ತಿದ ಮೊದಲ ಕ್ಷಣದಲ್ಲಿ ಅದು ಬರ್ರ್ ಅಂತ ಏರುತ್ತದಲ್ಲ, ಅದೊಂದನ್ನು ಮಾತ್ರ ಕತ್ತರಿಸಿ ಪಲ್ಲವಿಗೆ ಮುಂಚೆ ಇಟ್ಟ.

ಹೈಹ್ಯಾಟು ಕೊನೆಗೆ ಬಂದದ್ದು ಬ್ರೂಸ್‌ಪೇಟೆಯ ಒಬ್ಬ ಟೈಲರ್ ಅಣ್ಣನ ಕಾಲು ತುಳಿಯುವ ಮಿಷಿನ್ನಿನಿಂದ. ತಕಿಟ ನಡೆಗೆ ನಿಮಿಷಕ್ಕೆ 288 ಹೊಲಿಗೆ ಬೇಕು. ಅವರಿಗೆ ಇಯರ್‌ಫೋನ್‌ನಲ್ಲಿ ಡಕ್ಕಿ ಹಾಕಿ ತುಳಿಯಿರಿ ಅಂದೆವು. ಎರಡು ನಿಮಿಷದಲ್ಲಿ ಕಾಲು ತಾನಾಗೇ ಕೂತಿತು. ಒಂದು ಚೂಡಿದಾರದ ಅಂಚು ಮುಗಿಯುವಷ್ಟರಲ್ಲಿ ನಮ್ಮ ಕೆಲಸವೂ ಮುಗಿಯಿತು.

ಮಿಕ್ಸಿಂಗ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ದನಿ ಇರುವ ಕಡೆ ಬಾಸ್ ತಗ್ಗಿಸಿದೆ, ಉಂಗುರದ ಸದ್ದು ಚುಚ್ಚದಂತೆ ಮೇಲಿನ ತುದಿ ಸ್ವಲ್ಪ ಕತ್ತರಿಸಿದೆ. ಒಟ್ಟು 2 ನಿಮಿಷ 40 ಸೆಕೆಂಡು. ಹೆಸರಿನ ಜಾಗದಲ್ಲಿ ಮೂವರು ಹೆಂಗಸರ ಹೆಸರು ಮೊದಲು, ಆಮೇಲೆ ಮಾಸ್ತರರು, ಆಮೇಲೆ ಇವನು. ಆಗಸ್ಟ್‌ನಲ್ಲಿ ಕಿರುಚಿತ್ರ ಮಾಡುವ ಹುಡುಗನೊಬ್ಬ 2,500 ರೂಪಾಯಿಗೆ ಕೊಂಡ. ಅರ್ಧ, ಅಂದರೆ 1,250, ಅದೇ ಸಂಜೆ ಮೊಮ್ಮಗನ ಫೋನ್‌ಪೇಗೆ ಹೋಯಿತು.

ಸೆಪ್ಟೆಂಬರ್‌ನಲ್ಲಿ ಕೇಳಿಸಲು ಹೋದೆವು. ಸ್ಪೀಕರ್ ಒಯ್ಯಬೇಕಿತ್ತು, ಮರೆತೆವು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಹಾಕಿದ್ದರಿಂದ ಅವನು ತಿಂಗಳುಗಟ್ಟಲೆ ತಿದ್ದಿದ ಬಾಸ್ ಒಂದು ಚೂರೂ ಕೇಳಲಿಲ್ಲ. ಉಳಿದದ್ದು ಮೂರು ದನಿ, ಪೇಟಿ, ಮಿಷಿನ್ನಿನ ಟಕಟಕ. ಹುಡುಗನ ಮುಖ ಬಾಡಿತು. ಅಜ್ಜಿ ಮಾತ್ರ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿದರು. ತಂಗಿಯ "ತಂದಾನ" ಬಂದಾಗಲೆಲ್ಲ ಹೆಬ್ಬೆರಳು ಆಡುತ್ತಿತ್ತು, ಉಂಗುರ ಇರಲಿಲ್ಲ ಅಷ್ಟೇ. ಮುಗಿದ ಮೇಲೆ ಮೊಬೈಲ್ ವಾಪಸ್ ಕೊಟ್ಟರು.

"ಹೂಂಗುಟ್ಟೋದು ಚಲೋ ಐತಿ. ಕಥಿ ಎಲ್ಲೈತೋ?"

ಅವನು ನನ್ನ ಮುಖ ನೋಡಿದ. ನಾನು ಬೇವಿನ ಮರ ನೋಡಿದೆ. ನಾವು ಇಟ್ಟುಕೊಂಡಿದ್ದು ಎರಡೇ ಸಾಲು. ರಾಜ ಮನೆ ಬಿಟ್ಟು ಹೊರಡುತ್ತಾನೆ, ಎಲ್ಲಿಗೆ ಹೊರಟ ಅನ್ನುವುದು ಬೀಟಿನಲ್ಲಿಲ್ಲ.

"ಪೂರ್ತಿ ಕಥೆ ಎಷ್ಟು ಹೊತ್ತು ಆಗ್ತದ ಅವ್ವಾ?" ಅಂತ ಕೇಳಿದ.

"ಮೂರು ರಾತ್ರಿ" ಅಂದರು.

ಅವನು ಬ್ಯಾಗಿನಿಂದ ರೆಕಾರ್ಡರ್ ತೆಗೆದು, ಬ್ಯಾಟರಿ ಎಷ್ಟಿದೆ ಅಂತ ನೋಡಿದ.